ತಡವಾದರೂ ಒಳಗೆ ಹೋಗು ಪುಟ್ಟಿ

ಚಿ. ಪುಟ್ಟಿಗೆ ಅಜ್ಜಿಯ ಆಶೀರ್ವಾದಗಳು.

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಇಲ್ಲಿನ ಮಳೆ, ನನ್ನ ಮಂಡಿನೋವು, ತೋಟದ ಕೊಳೆ ರೋಗ, ಇದೆಲ್ಲ ನಿನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿ ಆಗಿದೆ. ಮತ್ತೆ ಬರೆಯುವುದಿಲ್ಲ. ಕಾಗದದ ಕೊನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀಯಲ್ಲ, "ಲೇಟಾದ ದಿನ ಕ್ಲಾಸಿನ ಒಳಗೆ ಹೋಗೋಕೆ ಭಯ ಅಜ್ಜಿ, ಎಲ್ಲರೂ ತಿರುಗಿ ನೋಡ್ತಾರೆ, ಅದಕ್ಕೆ ಮನೆಗೇ ವಾಪಸ್ ಬಂದುಬಿಡ್ತೀನಿ" ಅಂತ. ಅದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ.

ಮಾರ್ಕ್ಸ್ ಕಡಿಮೆ ಬಂತು ಅಂದಿದ್ದರೆ ಇಷ್ಟು ಯೋಚನೆ ಮಾಡುತ್ತಿರಲಿಲ್ಲ. ಜ್ವರ ಅಂದಿದ್ದರೆ ಕಷಾಯ ಕುಡಿ, ಮಲಗು ಅನ್ನುತ್ತಿದ್ದೆ. ಇದು ಹಾಗಲ್ಲ. ಕಾಲಿಗೆ ಕಚ್ಚಿದ ಇಂಬಳ ಕಿತ್ತುಕೊಳ್ಳುತ್ತಾ ರಸ್ತೆ ತನಕ ನಡೆದು, ಬಸ್ಸಿನಲ್ಲಿ ಕಂಬ ಹಿಡಿದು ನಿಂತು, ಶಾಲೆಯ ಗೇಟು ಮುಟ್ಟಿದವಳು ಅಲ್ಲಿಂದ ತಿರುಗಿ ಬರುತ್ತೀಯಲ್ಲ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಗೇಟಿನಿಂದ ಕ್ಲಾಸಿನ ಬಾಗಿಲಿಗೆ ಇರುವ ದೂರ ನನಗೂ ಗೊತ್ತು.

ಎಷ್ಟು ಸಲ ಹೀಗಾಯಿತು ಅಂತ ನೀನು ಬರೆದಿಲ್ಲ. ಒಂದೇ ಸಲ ಅಲ್ಲ ಅಂತ ಅನ್ನಿಸುತ್ತಿದೆ. ಅಮ್ಮನಿಗೆ ಗೊತ್ತಾ? ವಾಪಸ್ ಬಂದ ದಿನ ಏನು ಹೇಳುತ್ತೀಯ, ಮಳೆ ರಜೆ ಕೊಟ್ಟರು ಅಂತಲಾ? ನಿಮ್ಮ ಕಡೆ ಅದು ನಡೆಯುತ್ತದೆ ಬಿಡು. ಆಗುಂಬೆಯ ಮಗ್ಗುಲಲ್ಲಿ ಇದ್ದೀರಿ, ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಜಾಗ. ರಜೆ ಅಂದರೆ ಯಾರೂ ಅನುಮಾನ ಪಡುವುದಿಲ್ಲ. ಆದರೆ ಡಿ.ಸಿ. ಕೊಟ್ಟ ರಜೆಯಲ್ಲಿ ಎಲ್ಲರ ಪಾಠವೂ ನಿಂತಿರುತ್ತದೆ. ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಅದನ್ನು ತುಂಬಿಸುತ್ತಾರೆ. ನೀನೊಬ್ಬಳೇ ತೆಗೆದುಕೊಂಡ ರಜೆಯನ್ನು ಯಾರು ತುಂಬಿಸುತ್ತಾರೆ?

ನಾನು ಶಾಲೆಯ ಅಡುಗೆಮನೆಯಲ್ಲಿ ಇದ್ದಾಗಿನ ಮಾತು ಹೇಳುತ್ತೇನೆ. ನಮ್ಮ ಕಡೆ 2003ರಲ್ಲಿ ಬಿಸಿಯೂಟ ಶುರುವಾಯಿತು. ಅವತ್ತಿನಿಂದ ನನಗೆ ಅರವತ್ತು ತುಂಬುವ ತನಕ ಅಲ್ಲೇ ಸೌಟು ಹಿಡಿದಿದ್ದೆ. ಪ್ರಾರ್ಥನೆ ಮುಗಿದು ಹಾಜರಿ ಕೂಗಿದ ಮೇಲೆ ಮೇಷ್ಟ್ರು ಚೀಟಿ ಕಳಿಸುತ್ತಿದ್ದರು, ಇವತ್ತು ಇಷ್ಟು ಮಕ್ಕಳು ಅಂತ. ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, ಆರನೇ ಕ್ಲಾಸಿನಿಂದ 150 ಗ್ರಾಂ. ಆ ಲೆಕ್ಕದಲ್ಲೇ ಅಳೆದು ಹಾಕಬೇಕು. ಚೀಟಿ ಬಂದ ಮೇಲೆ ಬರುವ ಮಕ್ಕಳು ಇರುತ್ತಿದ್ದರು ನೋಡು, ಅವರು ಸೀದಾ ಕ್ಲಾಸಿಗೆ ಹೋಗುತ್ತಿರಲಿಲ್ಲ. ಅಡುಗೆಮನೆಯ ಹಿಂದೆ ಸೌದೆ ರಾಶಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಯಾಕೋ ಅಂದರೆ "ನೀರು ಬೇಕಿತ್ತು" ಅನ್ನುವುದು. ಮಳೆಯಲ್ಲಿ ನೆಂದು ಬಂದವನಿಗೆ ನೀರು!

ಅವರಿಗೂ ನಿನ್ನದೇ ಭಯ. ಎಲ್ಲರೂ ತಿರುಗಿ ನೋಡುತ್ತಾರೆ. ಕೆಲವರಿಗೆ ಇನ್ನೊಂದು ಭಯವೂ ಇತ್ತು, ಲೆಕ್ಕ ಕೊಟ್ಟಾಯಿತು, ಇನ್ನು ಊಟ ಸಿಗುವುದಿಲ್ಲವೇನೋ ಅಂತ. ನಾನು ಚೀಟಿಗಿಂತ ಒಂದು ಮುಷ್ಟಿ ಜಾಸ್ತಿಯೇ ಹಾಕುತ್ತಿದ್ದೆ. ಅದು ತಪ್ಪೋ ಸರಿಯೋ, ಅನ್ನ ಯಾವತ್ತೂ ಉಳಿಯಲಿಲ್ಲ.

ಆ ಮಕ್ಕಳ ರಟ್ಟೆ ಹಿಡಿದು ಕ್ಲಾಸಿನ ಬಾಗಿಲಿಗೆ ಬಿಟ್ಟು ಬರುತ್ತಿದ್ದೆ. ಬಿಟ್ಟು ಬಂದು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ, ಮತ್ತೆ ಓಡಿ ಬಂದುಬಿಟ್ಟಾನು ಅಂತ. ಎಲ್ಲರೂ ತಿರುಗಿ ನೋಡುತ್ತಿದ್ದರು, ಅದೇನೋ ನಿಜ. ಸಾಸಿವೆ ಸಿಡಿಯುವಷ್ಟು ಹೊತ್ತು ನೋಡುತ್ತಿದ್ದರು. ಮೇಷ್ಟ್ರು ಬೋರ್ಡಿಗೆ ತಿರುಗಿದರೆ ಎಲ್ಲರ ತಲೆಯೂ ಬೋರ್ಡಿಗೆ. ತಡವಾಗಿ ಬಂದವನು ಮಾತ್ರ ಇನ್ನೂ ನೆಲ ನೋಡುತ್ತಾ ಕೂತಿರುತ್ತಿದ್ದ. ಉಳಿದವರು ಯಾವಾಗಲೋ ಮರೆತಿರುತ್ತಿದ್ದರು.

ಮೇಷ್ಟ್ರುಗಳೂ ತಡವಾಗಿ ಬರುತ್ತಿದ್ದರು, ಗೊತ್ತಾ? ಸಾಗರದಿಂದ ಬರುವವರು ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯಬೇಕಿತ್ತು. ಗಾಳಿಮಳೆ ಜೋರಾದರೆ ಲಾಂಚ್ ಬಿಡುತ್ತಿರಲಿಲ್ಲ. ಬಿಟ್ಟರೂ ಜಾಗ ಇರುತ್ತಿರಲಿಲ್ಲ. 2025ರ ಜುಲೈನಲ್ಲಿ ಸೇತುವೆ ಆಯಿತು ನೋಡು, ಈಗಿನವರಿಗೆ ಆ ಗೋಳು ಗೊತ್ತಾಗುವುದಿಲ್ಲ. ಹಾಗೆ ತಡವಾಗಿ ಬಂದ ಮೇಷ್ಟ್ರನ್ನು ಇಡೀ ಶಾಲೆ ತಿರುಗಿ ನೋಡುತ್ತಿತ್ತು. ಅವರು ಕೊಡೆ ಮಡಚಿ ಮೂಲೆಗಿಟ್ಟು, ಒದ್ದೆ ಪ್ಯಾಂಟಿನಲ್ಲೇ "ಪುಸ್ತಕ ತೆಗೀರಿ" ಅನ್ನುತ್ತಿದ್ದರು. ಅವರಿಗೆ ಸಂಬಳ ಬರುತ್ತಿತ್ತು, ವಾಪಸ್ ಹೋಗುವ ಹಾಗಿರಲಿಲ್ಲ ಅನ್ನು. ಆದರೂ ನನಗೆ ಆ ಕೊಡೆ ಮಡಚುವ ರೀತಿ ಇಷ್ಟವಾಗುತ್ತಿತ್ತು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನ್ನ ಕಾಗದ ಓದುವಾಗ ನನಗೆ ನನ್ನದೇ ನೆನಪಾಯಿತು. ನಾವು ಮುಳುಗಡೆಯವರು ಅಂತ ನಿನಗೆ ಗೊತ್ತು, ಆ ಕಥೆ ಅಮ್ಮ ಹೇಳಿದ್ದಾಳೆ. ನನ್ನ ಶಾಲೆ ಏನಾಯಿತು ಅಂತ ಅವಳಿಗೂ ನಾನು ಸರಿಯಾಗಿ ಹೇಳಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮುಂಚಿನ ವರ್ಷವೇ ನಾವು ಮನೆ ಬಿಟ್ಟು ಎದ್ದೆವು. ನಾನು ಐದನೇ ಕ್ಲಾಸು. ಕೊಟ್ಟ ಜಾಗ ಕಾಡು. ಅಪ್ಪ ಕಾಡು ಸವರುವುದರಲ್ಲಿ, ಅಮ್ಮ ಗುಡಿಸಲು ನಿಲ್ಲಿಸುವುದರಲ್ಲಿ. ಹೊಸ ಊರಿನ ಶಾಲೆ ಮೈಲಿಗಟ್ಟಲೆ ದೂರ. ದಾರಿ ಕೇಳಿಕೊಂಡು ಹೋಗಿ ಮುಟ್ಟುವಾಗ ಪಾಠ ನಡೆಯುತ್ತಿತ್ತು. ವರ್ಷದ ನಡುವೆ ಬಂದವಳು, ಹೊತ್ತು ಮೀರಿ ಬಂದವಳು, ಮೇಲೆ ಮುಳುಗಡೆಯ ಹುಡುಗಿ. ಅಷ್ಟೂ ತಲೆಗಳು ತಿರುಗಿದವು. ಟಿ.ಸಿ. ಎಲ್ಲಿ ಅಂತ ಕೇಳಿದರು. ಟಿ.ಸಿ. ಅಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಅಪ್ಪನನ್ನು ಕರಕೊಂಡು ಬಾ ಅಂದರು. ಅಪ್ಪನಿಗೆ ಪುರುಸೊತ್ತು ಎಲ್ಲಿತ್ತು?

ಇನ್ನೂ ಒಂದೆರಡು ದಿನ ಹೋಗಿ ಬಾಗಿಲಲ್ಲಿ ನಿಂತೆ. ಆಮೇಲೆ ದಾರಿಯಲ್ಲೇ ಒಂದು ಮತ್ತಿ ಮರದ ಬುಡದಲ್ಲಿ ಕೂತು, ಸಂಜೆ ಮಕ್ಕಳು ವಾಪಸ್ ಬರುವಾಗ ಅವರ ಹಿಂದೆ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಯಾರೂ ಕೇಳಲಿಲ್ಲ. ಬೈದಿದ್ದರೂ ಆಗುತ್ತಿತ್ತು ಪುಟ್ಟಿ. ಆಮೇಲೆ ಕರು ಮೇಯಿಸುವ ಕೆಲಸ ಬಂತು, ಅದೇ ರೂಢಿಯಾಯಿತು. ಟಿ.ಸಿ. ಬಂದದ್ದು ಮರುವರ್ಷ. ನನಗಿಂತ ಚಿಕ್ಕ ಮಕ್ಕಳ ಜೊತೆ ಮತ್ತೆ ಐದನೇ ಕ್ಲಾಸಿನಲ್ಲಿ ಕೂತೆ. ಅದಕ್ಕೇ ಮುಗಿಯಿತು. ಶಾಲೆ ಬಿಡಿಸಿದ್ದು ಇಂಥವರು ಅಂತ ನಾನು ಹೇಳಲಾರೆ. ಯಾರೂ ಬಿಡಿಸಲಿಲ್ಲ. ಹೋಗುವುದು ಕಡಿಮೆಯಾಗುತ್ತಾ ಬಂದು ತಾನೇ ನಿಂತುಹೋಯಿತು.

ಅಡುಗೆ ಕೆಲಸಕ್ಕೆ ಸೇರುವಾಗ ಅರ್ಜಿ ಬರೆಯಬೇಕಿತ್ತು. ಅದನ್ನು ಏಳನೇ ಕ್ಲಾಸಿನ ಹುಡುಗಿಯ ಹತ್ತಿರ ಬರೆಸಿಕೊಂಡೆ. ಈ ಕಾಗದ ಬರೆಯುವಷ್ಟು ಕನ್ನಡ ಆಮೇಲೆ ಬಂದದ್ದು, ಮಕ್ಕಳು ಬಿಟ್ಟುಹೋದ ಪುಸ್ತಕ ಓದಿ. ಲೆಕ್ಕ ಮಾತ್ರ ಬರಲೇ ಇಲ್ಲ. ಸಂಘದವರು ಬಡ್ಡಿ ಹೇಳಿದರೆ ಇವತ್ತಿಗೂ ತಲೆ ಆಡಿಸಿ ಬರುತ್ತೇನೆ. ಇದು ನಿನಗೆ ಬೇಡದ ಕಥೆ ಇರಬಹುದು. ನೀನು ಹತ್ತನೇ ಕ್ಲಾಸು, ನಿನ್ನದು ಬೇರೆ ಕಾಲ.

ಆದರೂ ಆ ಭಯ ಮಾತ್ರ ಅದೇ, ಅಲ್ವಾ? ಅದು ಮೊದಲನೇ ದಿನ ಇದ್ದಷ್ಟೇ ಇರುವುದಿಲ್ಲ. ಇವತ್ತು ತಿರುಗಿ ನೋಡುತ್ತಾರೆ ಅಂತ ವಾಪಸ್ ಬಂದೆ ಅಂತ ಇಟ್ಟುಕೋ. ನಾಳೆ ಸಮಯಕ್ಕೇ ಹೋದರೂ ನಿನ್ನೆ ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ನಿನ್ನೆಯ ಲೆಕ್ಕ ಗೊತ್ತಿಲ್ಲ, ಹಾಗಾಗಿ ಇವತ್ತಿನದೂ ತಲೆಗೆ ಹೋಗುವುದಿಲ್ಲ. ಮೇಷ್ಟ್ರು ಪ್ರಶ್ನೆ ಕೇಳಿಬಿಟ್ಟರೆ ಅನ್ನುವ ಭಯವೂ ಸೇರಿಕೊಳ್ಳುತ್ತದೆ. ಆಮೇಲೆ ಬಸ್ಸು ಸಮಯಕ್ಕೆ ಬಂದ ದಿನವೂ ಹೊಟ್ಟೆ ತೊಳಸಿದ ಹಾಗೆ ಆಗುತ್ತದೆ. ಬಾಗಿಲಲ್ಲಿ ಹಾಗೆ ನಿಂತವಳು ನಾನು, ಅಂಥ ಮಕ್ಕಳನ್ನು ಅಡುಗೆಮನೆಯಿಂದ ನೋಡಿದವಳೂ ನಾನೇ. ಸೌದೆ ರಾಶಿಯ ಹತ್ತಿರ ನಿಲ್ಲುತ್ತಿದ್ದ ಒಬ್ಬ ಹುಡುಗ, ಲೆಕ್ಕದಲ್ಲಿ ಚುರುಕು, ಒಂದು ಆಷಾಢದಲ್ಲಿ ಹೀಗೇ ತಪ್ಪಿಸಿ ತಪ್ಪಿಸಿ, ಚೌತಿ ಹೊತ್ತಿಗೆ ಬರುವುದನ್ನೇ ಬಿಟ್ಟ. ಈಗ ಅಡಿಕೆ ಫಸಲನ್ನು ಗುತ್ತಿಗೆಗೆ ಹಿಡಿಯುವ ಚೇಣಿಯವರ ಜೊತೆ ಇದ್ದಾನೆ. ಚೆನ್ನಾಗಿಯೇ ದುಡಿಯುತ್ತಾನೆ, ಅದಕ್ಕೆ ನಾನು ಏನೂ ಅನ್ನುವುದಿಲ್ಲ.

ಇನ್ನೊಂದು ವಿಷಯ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬೇಕಾದರೆ 75 ಪರ್ಸೆಂಟ್ ಹಾಜರಾತಿ ಬೇಕಂತೆ. ಇಲ್ಲಿ ಪಕ್ಕದ ಮನೆಯ ಹುಡುಗ ಬಿ.ಎಡ್. ಮಾಡಿದ್ದಾನೆ, ಅವನ ಹತ್ತಿರ ಲೆಕ್ಕ ಹಾಕಿಸಿದೆ. ನಿನ್ನ ಹೆಸರು ಹೇಳಲಿಲ್ಲ, ಹೆದರಬೇಡ. ವಾರಕ್ಕೆ ಆರು ದಿನ ಶಾಲೆ ಅಂತ ಇಟ್ಟುಕೊಂಡು ಒಂದು ದಿನ ತಪ್ಪಿಸಿದರೆ 83 ಪರ್ಸೆಂಟ್ ಉಳಿಯುತ್ತದೆ. ಎರಡು ದಿನ ತಪ್ಪಿಸಿದರೆ 66ಕ್ಕೆ ಇಳಿಯುತ್ತದೆ. ಜ್ವರ, ಮದುವೆ, ದೀಪ ಹಚ್ಚುವ ಹಬ್ಬ ಎಲ್ಲ ಇದರ ಮೇಲೆ. ನನಗೆ ಎದೆ ಧಸಕ್ಕೆಂದಿತು. ನಿನ್ನನ್ನು ಹೆದರಿಸಲಿಕ್ಕೆ ಬರೆದದ್ದಲ್ಲ, ಸುಮ್ನೆ ಗೊತ್ತಿರಲಿ ಅಂತ.

ತಡವಾದದ್ದಕ್ಕೂ ಹೋಗದೇ ಇದ್ದದ್ದಕ್ಕೂ ವ್ಯತ್ಯಾಸ ಇದೆ. ತಡವಾಗಿ ಹೋದರೆ ಮೊದಲ ಪೀರಿಯಡ್ಡು ಹೋಗುತ್ತದೆ. ವಾಪಸ್ ಬಂದರೆ ಇಡೀ ದಿನ ಹೋಗುತ್ತದೆ. ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಇನ್ನೊಂದು ಸಲ ಹಾಜರಿ ಹಾಕುತ್ತಿದ್ದರು. ನಿಮ್ಮಲ್ಲಿ ಹೇಗೋ ಕೇಳು. ಹಾಗಂತ ದಿನಾ ತಡವಾಗಿ ಹೋಗು ಅಂತಲೂ ಅಲ್ಲ ಮತ್ತೆ. ದಿನಕ್ಕೆ ಹತ್ತು ನಿಮಿಷ ಅಂದರೂ ವಾರಕ್ಕೆ ಒಂದು ಗಂಟೆ ಆಯಿತು. ನಿನಗೆ ಮೊದಲ ಪೀರಿಯಡ್ಡು ಗಣಿತ ಅಂತ ಹೋದ ಸಲ ಬಂದಾಗ ಹೇಳಿದ್ದೆ.

ಬಸ್ಸಿನ ವಿಷಯಕ್ಕೆ ನಾನೇನು ಹೇಳಲಿ? 2023ರಿಂದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಅಂತಾರೆ. ನಿಮ್ಮ ರಸ್ತೆಗೆ ಬರುವುದು ಪ್ರೈವೇಟ್ ಬಸ್ಸು. ಅದು ಬಂದಾಗ ಬಂತು. ಅದಕ್ಕಿಂತ ಮುಂಚೆ ಒಂದು ಬಸ್ಸು ಇದೆ ಅಂತ ನಿನ್ನ ಅಪ್ಪ ಒಮ್ಮೆ ಹೇಳಿದ ನೆನಪು. ಅದು ಬೇಗ ಆಗುತ್ತದೆ, ಶಾಲೆಯ ಹತ್ತಿರ ಸುಮ್ನೆ ಕೂರಬೇಕಾಗುತ್ತದೆ. ಆದರೆ ಕೂತು ಕಾಯುವುದಕ್ಕೆ ಭಯ ಇಲ್ಲವಲ್ಲ. ನೋಡು, ಆದರೆ ಮಾತ್ರ.

ಬೆಳಿಗ್ಗೆ ಕೊಟ್ಟಿಗೆ ಕೆಲಸ ನಿನ್ನ ತಲೆಗೇ ಬಿದ್ದಿದೆಯಾ? ಅದು ನಿಮ್ಮ ಮನೆ ವಿಷಯ, ನಾನು ಬಾಯಿ ಹಾಕಬಾರದು. ಆದರೂ ಹತ್ತನೇ ಕ್ಲಾಸಿನ ವರ್ಷದ ಮಟ್ಟಿಗೆ ಸಗಣಿ ಬಾಚುವುದನ್ನು ಸಂಜೆಗೆ ಇಟ್ಟುಕೊಂಡರೆ ದನ ಏನೂ ಅನ್ನುವುದಿಲ್ಲ. ದೀಪಾವಳಿ ಕಳೆದ ಮೇಲೆ ಅಡಿಕೆ ಸುಲಿತ ಶುರುವಾಗುತ್ತದೆ. ಆಗ ಅರ್ಧ ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂರಬೇಡ. ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಹೇಳಿದೆ ಅಂತ ಆಗಬಾರದು.

ಯೂನಿಫಾರ್ಮ್ ಒಣಗುವುದಿಲ್ಲ ಅಂತಲೂ ಬರೆದಿದ್ದೆ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ರಾತ್ರಿಯೇ ಹಾಕಿಬಿಡು. ಹೊಗೆ ವಾಸನೆ ಬರುತ್ತದೆ, ಮಲೆನಾಡಿನ ಶಾಲೆಯಲ್ಲಿ ಎಲ್ಲರಿಗೂ ಅದೇ ವಾಸನೆ. ಚೀಲವನ್ನೂ ರಾತ್ರಿಯೇ ತುಂಬಿಡು. ಒಂದು ಜೊತೆ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೋ. ಇದೆಲ್ಲ ಸಣ್ಣ ವಿಷಯ, ಅಜ್ಜಿಗೆ ಬೇರೆ ಹೇಳಲಿಕ್ಕೆ ಬರುವುದಿಲ್ಲ ಅಂತ ನಗಬೇಡ.

ಕೇಳಬೇಕೋ ಬೇಡವೋ ಅಂತ ಯೋಚಿಸಿ ಕೇಳುತ್ತಿದ್ದೇನೆ. ಬರೀ ತಿರುಗಿ ನೋಡುತ್ತಾರೆ ಅಷ್ಟೇನಾ? ಯಾರಾದರೂ ನಗುತ್ತಾರಾ, ಏನಾದರೂ ಅನ್ನುತ್ತಾರಾ? ಬಸ್ಸಿನಲ್ಲಿ ಯಾರಾದರೂ ಪೀಡಿಸುತ್ತಾರಾ? ತಡವಾದವರನ್ನು ಹೊರಗೆ ನಿಲ್ಲಿಸುತ್ತಾರಾ? ಹಾಗಿದ್ದರೆ ಅದು ಬೇರೆ ವಿಷಯ, ದೊಡ್ಡವರು ಹೋಗಿ ಮಾತಾಡಬೇಕಾದ ವಿಷಯ. ನೀನೊಬ್ಬಳೇ ಇಟ್ಟುಕೊಳ್ಳಬಾರದು. ನನಗಾದರೂ ಬರಿ. ನಾನು ಯಾರಿಗೂ ಓದಿ ಹೇಳುವುದಿಲ್ಲ.

ಅದೇನೂ ಇಲ್ಲ, ಬರೀ ಆ ನೋಟದ ಭಯ ಅಂತಾದರೆ, ಒಂದು ಕೆಲಸ ಮಾಡಿ ನೋಡುತ್ತೀಯಾ? ಬಸ್ಸು ತಡವಾಗದ ದಿನ, ಶಾಲೆ ಬಿಟ್ಟ ಮೇಲೆ, ಕ್ಲಾಸ್ ಟೀಚರ್ ಹತ್ತಿರ ಹೋಗಿ ಹೇಳು. "ನಮ್ಮ ಬಸ್ಸು ಮಳೆಗಾಲದಲ್ಲಿ ತಡವಾಗುತ್ತೆ ಮೇಡಂ, ನಾನು ಲೇಟಾಗಿ ಬಂದರೆ ಒಳಗೆ ಬರ್ತೀನಿ" ಅಂತ. ಮೊದಲೇ ಹೇಳಿಟ್ಟರೆ ಬಾಗಿಲಲ್ಲಿ ನಿಂತು ಕಾರಣ ಹೇಳುವ ಸಂಕಟ ಇರುವುದಿಲ್ಲ. ಬಾಗಿಲ ಹತ್ತಿರದ ಬೆಂಚಿನಲ್ಲಿ ಜಾಗ ಕೇಳು, ಕೊಟ್ಟರೂ ಕೊಡಬಹುದು. ನಾಡಗೀತೆ ನಡೆಯುತ್ತಿದ್ದರೆ ಗೇಟಿನಲ್ಲೇ ನಿಂತು, ಮುಗಿದ ಮೇಲೆ ಸಾಲಿನ ಹಿಂದೆ ಸೇರಿಕೋ. ಪಾಠ ಶುರುವಾಗಿದ್ದರೆ ಕೇಳಿ ಒಳಗೆ ಹೋಗಿ ಕೂತು, ಪಕ್ಕದವಳ ಪುಸ್ತಕ ನೋಡಿ ತಾರೀಖು ಬರೆ. ತಲೆ ಎತ್ತುವ ಹೊತ್ತಿಗೆ ಯಾರೂ ನಿನ್ನನ್ನು ನೋಡುತ್ತಿರುವುದಿಲ್ಲ. ಕಿಟಕಿಯಲ್ಲಿ ನಿಂತು ನೋಡಿದವಳು ಹೇಳುತ್ತಿದ್ದೇನೆ.

ಆಗಲೇ ಹೋದ ದಿನಗಳ ಪಾಠ ಇದೆಯಲ್ಲ, ಅದನ್ನು ಯಾರ ಹತ್ತಿರವಾದರೂ ಇಸಕೊಂಡು ಬರೆದುಕೋ. ಎಲ್ಲ ಒಂದೇ ಸಲ ಬೇಡ. ಗಣಿತದ್ದು ಮೊದಲು.

ಅಮ್ಮನಿಗೆ ನೀನೇ ಹೇಳಿದರೆ ಒಳ್ಳೆಯದು. ಅವಳು ಸ್ವಲ್ಪ ಕೂಗಾಡುತ್ತಾಳೆ, ಆಮೇಲೆ ಸರಿಹೋಗುತ್ತಾಳೆ, ಸಣ್ಣವಳಿದ್ದಾಗಿಂದ ಹಾಗೇ. ಹೇಳಲಿಕ್ಕೆ ಆಗದಿದ್ದರೆ ನನಗೆ ಬರಿ, ಭಾನುವಾರ ಫೋನ್ ಮಾಡುವಾಗ ನಾನೇ ಮಾತು ತೆಗೆಯುತ್ತೇನೆ.

ಆ ಮೊದಲ ಬಸ್ಸು ಎಷ್ಟು ಗಂಟೆಗೆ, ನಿಮ್ಮ ಕ್ಲಾಸ್ ಟೀಚರ್ ಹೆಸರೇನು, ಎರಡನ್ನೂ ಮರೆಯದೆ ಬರಿ. ಅವರ ನಂಬರ್ ಸಿಕ್ಕಿದರೆ ಅದನ್ನೂ. ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಏನಂತೆ, ಗುಡ್ಡದ ತಿರುವಿಗೆ ಹೋದರೆ ಸಿಗುತ್ತದೆ.

ಇಂತಿ ನಿನ್ನ
ಅಜ್ಜಿ