ಮಂಜುಗೆ: ಲಿವರ್‌ನ ಕೀವು ಎದೆಗೆ ಏರಿದ್ದು ಹೇಗೆ

ಪ್ರೀತಿಯ ಮಂಜು,

"ಕೀವಾಗಿರೋದು ಲಿವರ್‌ನಲ್ಲಿ, ತಮ್ಮ ಕೆಮ್ಮೋದ್ಯಾಕೆ?" ಅಂತ ಕೇಳಿದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡವರು ಬೇರೆಯವರೂ ಇರುತ್ತಾರೆ, ಎಲ್ಲರೂ ಓದುವ ಹಾಗೆ ಬರಿ ಅಂದವನು ನೀನೇ.

ಲಿವರ್ ಇರುವುದು ಬಲಗಡೆ, ಪಕ್ಕೆಲುಬುಗಳ ಮರೆಯಲ್ಲಿ. ಅದರ ಮೇಲೆ ವಪೆ, ಅಂದರೆ ಹೊಟ್ಟೆಗೂ ಎದೆಗೂ ನಡುವಿನ ಪರದೆ; ವಪೆಯ ಮೇಲೆ ಶ್ವಾಸಕೋಶ. ನಡುವೆ ಇರುವುದು ತೆಳ್ಳನೆಯ ಸ್ನಾಯು ಅಷ್ಟೆ. ಮಲ ಬೆರೆತ ನೀರು, ಊಟದ ಮೂಲಕ ಒಳಸೇರಿದ ಅಮೀಬಾ ಎಂಬ ಕಣ್ಣಿಗೆ ಕಾಣದ ಜೀವಿ ಕರುಳಿನ ಗೋಡೆ ಕೊರೆದು, ರಕ್ತದ ಜೊತೆ ಲಿವರ್ ತಲುಪಿ, ಹೆಚ್ಚಾಗಿ ಅದರ ಬಲಭಾಗದಲ್ಲೇ ಕೀವು ತುಂಬಿದ ಕುಳಿ ಮಾಡುತ್ತದೆ. ಮೊದಲು ಭೇದಿ ಆಗಿರಲೇಬೇಕು ಅಂತಿಲ್ಲ, ಎಷ್ಟೋ ಜನರಿಗೆ ಆಗಿರುವುದೇ ಇಲ್ಲ. ಕುಳಿ ವಪೆಗೆ ತಾಗಿದಾಗ ಬಲ ಭುಜ ನೋಯುತ್ತದೆ, ಯಾಕೆಂದರೆ ವಪೆಯ ನರವೂ ಭುಜದ ನರವೂ ಕತ್ತಿನ ಒಂದೇ ಜಾಗದಿಂದ ಹೊರಡುತ್ತವೆ. ನಿನ್ನ ತಮ್ಮ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದದ್ದು ಈ ನೋವಿಗೇ ಇರಬೇಕು.

ವಪೆ ಕೆರಳಿದರೆ ಬಲ ಶ್ವಾಸಕೋಶದ ಸುತ್ತ ನೀರು ತುಂಬುತ್ತದೆ. ಕುಳಿ ಒಡೆದರೆ ಅಲ್ಲಿಗೇ ಕೀವು ನುಗ್ಗಿ ಉಸಿರು ಕಟ್ಟುತ್ತದೆ. ಶ್ವಾಸನಾಳಕ್ಕೆ ದಾರಿಯಾದರೆ ಚಾಕೊಲೇಟ್ ಬಣ್ಣದ ಕಫ ಬರುತ್ತದೆ. ನೋಡಿದವರು ಹೆದರುತ್ತಾರೆ, ಆದರೆ ಕೆಲವರು ಹಾಗೆ ಕೆಮ್ಮಿಯೇ ಕುಳಿ ಖಾಲಿಯಾಗಿ ಚೇತರಿಸಿಕೊಳ್ಳುವುದುಂಟು. ಹೆಚ್ಚು ಅಪಾಯ ಲಿವರ್‌ನ ಎಡಭಾಗದ ಕುಳಿ, ಅದು ಹೃದಯದ ಸುತ್ತಲಿನ ಚೀಲಕ್ಕೆ ಒಡೆಯಬಹುದು.

ಜ್ವರ, ಕೆಮ್ಮು, ಬಲಗಡೆ ನೀರು ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿ. ಟಿಬಿ ನೋಡಲೇಬೇಕು, ಆದರೆ ಅದರ ಜೊತೆಗೆ ಹೊಟ್ಟೆಯ ಸ್ಕ್ಯಾನ್ ಕೂಡ ಆಗಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಅಲ್ಟ್ರಾಸೌಂಡ್‌ನಲ್ಲಿ ಕುಳಿ ಸಾಮಾನ್ಯವಾಗಿ ಕಂಡುಬಿಡುತ್ತದೆ.

ನೆಂಟರು "ಕುಡಿತದ ಫಲ" ಅನ್ನುತ್ತಿದ್ದಾರಂತೆ. ಕುಡಿಯುವ ಗಂಡಸರಲ್ಲಿ ಈ ಕಾಯಿಲೆ ಹೆಚ್ಚು, ನಿಜ. ಆದರೆ ಅಮೀಬಾ ಬಾಟಲಿಯಲ್ಲಿ ಬರಲಿಲ್ಲ, ಕೊಳಕು ನೀರಿನಲ್ಲಿ ಬಂತು. ಜ್ವರದಲ್ಲಿ ಮಲಗಿದವನ ಮುಂದೆ ಆ ಮಾತು ಆಡಬೇಡಿ ಅಂತ ಹೇಳು.

ಈಗ ಕೊಡುತ್ತಿರುವ ಮೆಟ್ರೊನಿಡಜೋಲ್ ಲಿವರ್‌ನ ಅಮೀಬಾವನ್ನು ಕೊಲ್ಲುತ್ತದೆ. ಎದೆಯ ಕೀವನ್ನು ನಳಿಗೆ ಹಾಕಿ ತೆಗೆಯಬೇಕು. ಕರುಳಿನಲ್ಲಿ ಉಳಿದವಕ್ಕೆ ಬೇರೆ ಮಾತ್ರೆ ಬೇಕು, ಡೈಲೋಕ್ಸನೈಡ್ ಅಂಥದ್ದು. ಜ್ವರ ಬಿಟ್ಟ ಖುಷಿಯಲ್ಲಿ ಮರೆತುಹೋಗುವುದು ಇದೇ, ಮರೆತರೆ ಕಾಯಿಲೆ ಮರಳಬಹುದು. ಆಮೇಲೆ ತಿಂಗಳುಗಟ್ಟಲೆ ಸ್ಕ್ಯಾನ್‌ನಲ್ಲಿ ಕುಳಿ ಕಾಣುತ್ತಲೇ ಇರಬಹುದು. ಅವನು ಉಂಡು ಓಡಾಡಿಕೊಂಡಿದ್ದರೆ ಗಾಬರಿಯಾಗಬೇಡ.

ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಕೂಡಲೇ ಫೋಟೋ ಕಳಿಸು, ಆ ಎರಡನೇ ಮಾತ್ರೆ ಬರೆದಿದ್ದಾರಾ ನೋಡುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ರವಿ