ಮಣ್ಣು ಮುಚ್ಚುವ ಮೊದಲು ಬಂದು ನೋಡಿ

ಮಾನ್ಯರೇ,

ನಾನು 26 ವರ್ಷ ರಸ್ತೆ ಕೆಲಸದಲ್ಲಿ ರೋಲರ್ ಓಡಿಸಿದವನು. ಈಗ ಪುತ್ತೂರು ತಾಲ್ಲೂಕಿನ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಕಳೆದ ಮಳೆಗಾಲ ನಮ್ಮ ಮನೆ ಮೇಲಿನ ತಿರುವಿನಲ್ಲಿ ರಸ್ತೆಯ ಅಂಚು ಜರಿದು ತೋಟಕ್ಕೇ ಬಂತು. ಈಗ ಅಲ್ಲಿ ಜಿಯೋಗ್ರಿಡ್ ಹಾಸಿ, ಮಣ್ಣು ತುಂಬಿ, ಮತ್ತೆ ಎತ್ತರಿಸುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಹಾಸಿದ ರೀತಿ ನೋಡಿ ಎದೆ ಧಸಕ್ಕೆಂದಿತು.

ಜಿಯೋಗ್ರಿಡ್ ಅಂದರೆ ದೊಡ್ಡ ಕಣ್ಣಿನ ಗಟ್ಟಿ ಪ್ಲಾಸ್ಟಿಕ್ ಬಲೆ. ಮಣ್ಣು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಆ ಎಳೆತವನ್ನು ಬಲೆ ಹೊರಬೇಕು. ಇಳಿಜಾರಿಗೆ ಹಾಕುವ ಬಲೆಗೆ ಬಲ ಇರುವುದು ಒಂದೇ ಕಡೆಗೆ, ರೋಲಿನ ಉದ್ದಕ್ಕೆ. ಹಾಗಾಗಿ ಅದನ್ನು ತುಂಡು ಮಾಡಿ, ಅಂಚಿನಿಂದ ಗುಡ್ಡದ ಒಳಕ್ಕೆ, ರಸ್ತೆಗೆ ಅಡ್ಡವಾಗಿ ಹಾಸಬೇಕು. ಇಲ್ಲಿ ರಸ್ತೆಯುದ್ದಕ್ಕೂ ಚಾಪೆ ಬಿಚ್ಚಿದ ಹಾಗೆ ಬಿಚ್ಚಿದ್ದಾರೆ. ಬೇಗ ಮುಗಿಯುತ್ತದೆ, ನಿಜ. ಆದರೆ ಮಣ್ಣು ಜಾರುವುದು ತೋಟದ ಕಡೆಗೆ ಅಲ್ವಾ? ಬಲೆ ಹಿಡಿಯುವುದು ಹೇಗೆ? ಸುಕ್ಕು ಬಿಡಿಸಿ, ಬಿಗಿಯಾಗಿ ಎಳೆದು ಗೂಟ ಹೊಡೆದೂ ಇಲ್ಲ. ಬರೀ ಬಲೆಯ ಮೇಲೆ ಟಿಪ್ಪರ್ ಹತ್ತಿಸಿದ್ದಾರೆ. ಬಲೆಯ ಮೇಲೆ ಕನಿಷ್ಠ 15 ಸೆಂಟಿಮೀಟರ್ ಮಣ್ಣಾದರೂ ಬಿದ್ದ ನಂತರ ಗಾಡಿ ಬರಬೇಕು.

ಇದಕ್ಕಿಂತ ಜಾಸ್ತಿ ಹೆದರಿಕೆ ತುಂಬುತ್ತಿರುವ ಮಣ್ಣಿನದು. ಜರಿದು ಬಿದ್ದ ಶೇಡಿ ಮಣ್ಣನ್ನೇ ವಾಪಸ್ ತುಂಬುತ್ತಿದ್ದಾರೆ. ನಮ್ಮ ಕಡೆ ಮುರಕಲ್ಲಿನ ಅಡಿಗೆ ಸಿಗುವ, ಬಿಳಿ, ಗುಲಾಬಿ ಬಣ್ಣದ ನುಣುಪು ಮಣ್ಣು. ಬೇಸಿಗೆಯಲ್ಲಿ ಪಿಕ್ಕಾಸಿಗೂ ಜಗ್ಗುವುದಿಲ್ಲ. ಒಂದು ಹೆಂಟೆ ಎತ್ತಿ ತಂಬಿಗೆ ನೀರಿಗೆ ಹಾಕಿ, ಅಲ್ಲಿದ್ದ ಸೂಪರ್‌ವೈಸರ್ ಹುಡುಗನಿಗೆ ತೋರಿಸಿದೆ. ನೋಡ್ತಾ ನೋಡ್ತಾ ಕರಗಿ ಗಂಜಿಯಾಯಿತು. ಬಲೆಯ ಕಣ್ಣಿಗೆ ಕಚ್ಚಿಕೊಳ್ಳುವ, ನೀರು ಬಸಿದು ಹೋಗುವ ಗರಸು ಮಣ್ಣು ಬೇಕು. ಹಿಂದುಗಡೆ ನೀರು ಹೊರಗೆ ಹೋಗಲು ಜಲ್ಲಿ, ಪೈಪು ಬೇಕು. ಹುಡುಗ ಒಳ್ಳೆಯವನು, ಕೇಳಿಸಿಕೊಂಡ. ಆದರೆ ನಕ್ಷೆ ಅವನ ಕೈಯಲ್ಲೇ ಇಲ್ಲ, ಆಫೀಸಿನಲ್ಲಿದೆಯಂತೆ.

2018ರ ಆಗಸ್ಟ್‌ನಲ್ಲಿ ಸಂಪಾಜೆ–ಮಡಿಕೇರಿ ರಸ್ತೆ ಕುಸಿದದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಡಾಂಬರು ಸರಿ ಇಲ್ಲದಿದ್ದರೆ ಕಣ್ಣಿಗೆ ಕಾಣುತ್ತದೆ, ಮತ್ತೆ ಹಾಕಬಹುದು. ಬಲೆ ಹಾಗಲ್ಲ. ಮಣ್ಣು ಬಿದ್ದ ಮೇಲೆ ಅದು ಉದ್ದವೋ ಅಡ್ಡವೋ ಯಾರಿಗೂ ತಿಳಿಯದು. ಸಂಬಂಧಪಟ್ಟ ಎಂಜಿನಿಯರ್ ಪ್ರತಿ ಪದರಕ್ಕೂ, ಮುಚ್ಚುವ ಮೊದಲೇ, ಸ್ಥಳಕ್ಕೆ ಬರಲಿ. ಟೇಪು ಹಿಡಿದು ಅಳತೆಯ ಫೋಟೊ ತೆಗೆದಿಡಲಿ. ಆಮೇಲೆ ಬಿಲ್ ಪಾಸಾಗಲಿ.

ಈವರೆಗೆ ಎರಡು ಪದರ ಮಾತ್ರ ಆಗಿದೆ. ಜೆಸಿಬಿ ಅಲ್ಲೇ ನಿಂತಿದೆ, ಬಿಚ್ಚಿ ಮತ್ತೆ ಹಾಸಲು ನಾಲ್ಕು ದಿನ ಸಾಕು. ಮಳೆ ಹಿಡಿಯಲು ಇನ್ನೂ ಆರು ವಾರ ಇದೆ. ಕರೆದರೆ ನಾನೇ ಬಂದು ಹುಡುಗರ ಜತೆ ನಿಂತು ಹಾಸಿಕೊಡುತ್ತೇನೆ.

– ನಿವೃತ್ತ ರೋಲರ್ ಚಾಲಕ, ಪುತ್ತೂರು ತಾಲ್ಲೂಕು