ಕಥೆಯ ಗಂಟೆಗೆ ಒಂದು ಚಾಪೆ: ಗ್ರಂಥಾಲಯ ಬಳಗದ ದೇಣಿಗೆ ಮನವಿ

ಓದುಗ ಬಂಧುಗಳಿಗೆ ನಮಸ್ಕಾರಗಳು.

ಸಾರ್ವಜನಿಕ ಗ್ರಂಥಾಲಯಕ್ಕಾಗಿ ದೇಣಿಗೆ ಕೇಳಲು ಹೊರಟಾಗಲೆಲ್ಲ ನಮಗೆ ಮೊದಲು ಸಿಗುವ ಉತ್ತರ ಒಂದೇ: ‘ಮನೆಯಲ್ಲಿ ಹಳೆಯ ಪುಸ್ತಕಗಳ ರಾಶಿಯೇ ಬಿದ್ದಿದೆ, ತೆಗೆದುಕೊಂಡು ಹೋಗಿ.’ ಕೊಡುವವರ ಮನಸ್ಸಿನ ಬಗ್ಗೆ ನಮಗೆ ಗೌರವವಿದೆ. ಆದರೆ ಆ ರಾಶಿಯನ್ನು ಬಿಚ್ಚಿ ನೋಡಿದವರು ನಾವು. ಪಠ್ಯಕ್ರಮ ಎರಡು ಸಲ ಬದಲಾದರೂ ಬದಲಾಗದ ಗೈಡ್‌ಗಳು, ಮೂರನೆಯ ಸಂಪುಟವಿಲ್ಲದ ನಾಲ್ಕು ಸಂಪುಟಗಳು, ಗೆದ್ದಲು ಮೊದಲೇ ಓದಿ ಮುಗಿಸಿದ ಕಾದಂಬರಿಗಳು. ಅವುಗಳ ನಡುವೆ ಎಲ್ಲೋ ಒಂದು ಒಳ್ಳೆಯ ಪುಸ್ತಕ ಇದ್ದೇ ಇರುತ್ತದೆ, ನಿಜ. ಅದನ್ನು ಹುಡುಕಿ, ದೂಳು ಒರೆಸಿ, ದಾಖಲಾತಿ ಪುಸ್ತಕದಲ್ಲಿ ಬರೆದು, ವರ್ಗ ಸಂಖ್ಯೆ ಕೊಟ್ಟು, ಮುದ್ರೆ ಒತ್ತಿ, ಬೆನ್ನಿಗೆ ಚೀಟಿ ಅಂಟಿಸಿ ಕಪಾಟಿಗೆ ಏರಿಸುವವರೆಗೆ ಯಾರೋ ಒಬ್ಬರು ಕುಳಿತು ಕೆಲಸ ಮಾಡಬೇಕು. ಪುಕ್ಕಟೆ ಬಂದ ಪುಸ್ತಕವೂ ಪುಕ್ಕಟೆಯಲ್ಲ.

ಹಾಗಾಗಿ ಈ ಸಲ ನೇರವಾಗಿ ಹೇಳಿಬಿಡುತ್ತೇವೆ. ನಮಗೆ ಬೇಕಿರುವುದು ಪುಸ್ತಕವಲ್ಲ, ಕಟ್ಟಡವೂ ಅಲ್ಲ. ಗ್ರಂಥಾಲಯದ ಒಳಗೆ ವಾರವಾರವೂ ನಡೆಯುವ ಕಾರ್ಯಕ್ರಮಗಳ ದಿನನಿತ್ಯದ ಖರ್ಚಿಗೆ ಹಣ ಬೇಕು. ಕೇಳುವುದಕ್ಕೆ ಇದು ಅಷ್ಟು ಚೆನ್ನಾಗಿಲ್ಲ, ಗೊತ್ತು. ಕಟ್ಟಡಕ್ಕೆ ಕೊಟ್ಟರೆ ಗೋಡೆಯ ಮೇಲೆ ಹೆಸರು ಉಳಿಯುತ್ತದೆ. ಮಕ್ಕಳು ಕಥೆ ಕೇಳಲು ಕೂರುವ ಚಾಪೆಗೆ ಕೊಟ್ಟರೆ ಚಾಪೆ ಸವೆಯುತ್ತದೆ.

ಈ ಸಂಕಟ ಹೊಸದೇನೂ ಅಲ್ಲ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹಣದಿಂದ 1883 ಮತ್ತು 1929ರ ನಡುವೆ ಜಗತ್ತಿನ ಹಲವು ದೇಶಗಳಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು. ಆದರೆ ಅವರದೊಂದು ಷರತ್ತು ಇತ್ತು. ಜಾಗವನ್ನು ಊರಿನವರೇ ಒದಗಿಸಬೇಕು. ಜೊತೆಗೆ ಕಟ್ಟಡಕ್ಕೆ ಆದ ವೆಚ್ಚದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷವೂ ಗ್ರಂಥಾಲಯ ನಡೆಸಲು ಕೊಡುತ್ತೇವೆಂದು ಮಾತು ಕೊಡಬೇಕು. ಅಷ್ಟು ದೊಡ್ಡ ದಾನಿಗೂ ಗೊತ್ತಿದ್ದ ಸಂಗತಿ ಇದು: ಕಟ್ಟುವುದು ಒಂದು ಸಲದ ಕೆಲಸ, ನಡೆಸುವುದು ಪ್ರತಿದಿನದ ಕೆಲಸ. ಆ ಹತ್ತನೆಯ ಪಾಲಿನ ಕಡೆಯವರು ನಾವು.

ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಖರೀದಿಗೆ, ಸಿಬ್ಬಂದಿಯ ಸಂಬಳಕ್ಕೆ, ಪತ್ರಿಕೆಗಳಿಗೆ ಸಾರ್ವಜನಿಕ ಹಣ ಬರುತ್ತದೆ. ಅದು ನಿಗದಿಯಾದ ಲೆಕ್ಕ ಶೀರ್ಷಿಕೆಗಳಲ್ಲೇ ಖರ್ಚಾಗಬೇಕು. ಮಕ್ಕಳು ಕೂರುವ ಚಾಪೆಗೆ ಶೀರ್ಷಿಕೆಯಿಲ್ಲ. ಕಥೆ ಹೇಳಲು ಎರಡು ಬಸ್ ಬದಲಾಯಿಸಿ ಬರುವವರ ಪ್ರಯಾಣದ ಖರ್ಚಿಗೂ ಇಲ್ಲ. ಈ ಸಣ್ಣ ಸಣ್ಣ ಬಿರುಕುಗಳನ್ನು ಮುಚ್ಚಲೆಂದೇ ಓದುಗರೆಲ್ಲ ಸೇರಿ ಈ ಟ್ರಸ್ಟ್ ಕಟ್ಟಿಕೊಂಡಿದ್ದೇವೆ.

ಕಥೆಯ ಗಂಟೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನೋಡುವವರಿಗೆ ಅದು ಬಹಳ ಸುಲಭದ ಕೆಲಸ. ಕುಳಿತು ನೋಡಿದರೆ ಗೊತ್ತಾಗುತ್ತದೆ. ಚಿತ್ರಗಳು ಮಕ್ಕಳ ಕಡೆಗೆ ಇರಬೇಕಾದ್ದರಿಂದ ಓದುವವರು ಪುಸ್ತಕವನ್ನು ಪಕ್ಕಕ್ಕೆ ಎತ್ತಿ ಹಿಡಿದು, ಕುತ್ತಿಗೆ ಓರೆ ಮಾಡಿಕೊಂಡು ಸಾಲುಗಳನ್ನು ಓದಬೇಕು. ನಾಲ್ಕು ವರ್ಷದ ಮಗುವಿಗೆ ಹಿಡಿಸುವ ಕಥೆ ಒಂಬತ್ತು ವರ್ಷದವಳಿಗೆ ಬಾಲಿಶ. ಹಾಗಾಗಿ ಎರಡು ಗುಂಪು, ಎರಡು ಪುಸ್ತಕ, ಎರಡು ಸಲದ ತಯಾರಿ. ಮುಖ್ಯವಾಗಿ, ಅದು ಪ್ರತಿವಾರ ಅದೇ ದಿನ, ಅದೇ ಹೊತ್ತಿಗೆ ನಡೆಯಬೇಕು. ಹಿಂದೊಮ್ಮೆ ನಮ್ಮ ಕೈಯಲ್ಲಿ ಹಣ ಮುಗಿದು ಅದನ್ನು ನಿಲ್ಲಿಸಿದ್ದೆವು. ನಿಲ್ಲಿಸಿದ್ದೇವೆಂದು ದೊಡ್ಡವರಿಗೆ ತಿಳಿಸಿದ್ದೆವು, ಮಕ್ಕಳಿಗೆ ತಿಳಿಸಲು ಯಾರಿಗೂ ಹೊಳೆಯಲಿಲ್ಲ. ಮುಂದಿನ ವಾರ ಆರು ಜನ ಬಂದು ಖಾಲಿ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ತಪ್ಪು ನಮ್ಮದೇ. ಮತ್ತೆ ಶುರು ಮಾಡಿದಾಗ ಆ ಆರರಲ್ಲಿ ನಾಲ್ವರು ಬಂದರು, ಇಬ್ಬರು ಬರಲಿಲ್ಲ.

ಹಿರಿಯರಿಗೆ ಮೊಬೈಲ್ ಕಲಿಸುವ ತರಗತಿಯೂ ಇದೆ. ಅಲ್ಲಿ ಮೊದಲ ಪಾಠ ಒಟಿಪಿಯನ್ನು ಯಾರಿಗೂ ಹೇಳಬಾರದು ಎಂಬುದು, ಎರಡನೆಯದು ಮೊಮ್ಮಕ್ಕಳ ಫೋಟೊ ತೆರೆಯುವುದು. ಕಲಿಯುವವರ ಆಸಕ್ತಿ ಯಾವುದರಲ್ಲಿ ಹೆಚ್ಚೆಂದು ಹೇಳಬೇಕಾಗಿಲ್ಲ. ಕೆಲಸ ಹುಡುಕುವವರಿಗೆ ಆನ್‌ಲೈನ್ ಅರ್ಜಿ ತುಂಬಲು ನೆರವು, ಪರೀಕ್ಷೆಗೆ ಓದುವವರಿಗೆ ರಾತ್ರಿಯವರೆಗೆ ದೀಪ ಮತ್ತು ಮೇಜು, ತಿಂಗಳಿಗೊಂದು ಪುಸ್ತಕ ಚರ್ಚೆ. ಇವೆಲ್ಲ ಹೇಗೋ ನಡೆಯುತ್ತಿವೆ.

ಹೇಗೋ ಎಂದರೂ ನಡೆಯದೆ ನಿಂತಿರುವುದು ಒಂದಿದೆ: ದೃಷ್ಟಿ ಇಲ್ಲದ ಓದುಗರಿಗಾಗಿ ಧ್ವನಿಪುಸ್ತಕಗಳು. ಬ್ರೈಲ್ ಪುಸ್ತಕ ಬಹಳ ಜಾಗ ಹಿಡಿಯುತ್ತದೆ. ಕೈಯಲ್ಲಿ ಹಿಡಿಯುವಷ್ಟು ಕಾದಂಬರಿ ಬ್ರೈಲ್‌ನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಓದಿ ಧ್ವನಿಮುದ್ರಿಸಿಕೊಡೋಣವೆಂದರೆ ಮೊದಲೆಲ್ಲ ಹಕ್ಕುಸ್ವಾಮ್ಯದ ತೊಡಕಿತ್ತು. 2013ರಲ್ಲಿ ಮೊರಾಕ್ಕೊ ದೇಶದ ಮರ್ರಾಕೇಶ್‌ನಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ 2016ರಲ್ಲಿ ಜಾರಿಗೆ ಬಂತು. ಮುದ್ರಿತ ಅಕ್ಷರ ಓದಲಾಗದವರಿಗಾಗಿ ಪುಸ್ತಕದ ಬೇರೆ ರೂಪಗಳನ್ನು ಹಕ್ಕುದಾರರ ಅನುಮತಿಯಿಲ್ಲದೆಯೇ ಸಿದ್ಧಪಡಿಸಲು ಸದಸ್ಯ ದೇಶಗಳ ಕಾನೂನಿನಲ್ಲಿ ಅವಕಾಶ ಇರಬೇಕೆಂದು ಅದು ಹೇಳುತ್ತದೆ. ಕಾನೂನು ದಾರಿ ಬಿಟ್ಟಿತು. ಉಳಿದದ್ದು ಒಂದು ಒಳ್ಳೆಯ ಮೈಕ್, ಫ್ಯಾನ್ ಸದ್ದು ಬಾರದ ಒಂದು ಮೂಲೆ ಮತ್ತು ದಿನಕ್ಕೊಂದು ಗಂಟೆ ಗಟ್ಟಿಯಾಗಿ ಓದುವ ಕಂಠ. ಕಂಠಗಳು ಸಿಕ್ಕಿವೆ. ಮೈಕ್ ಮತ್ತು ಮೂಲೆ ಸಿಕ್ಕಿಲ್ಲ.

‘ಇದೆಲ್ಲ ಗ್ರಂಥಾಲಯದ ಕೆಲಸವೇ?’ ಎಂದು ಕೆಲವರು ಕೇಳುತ್ತಾರೆ. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ. ಈಗ ಅದು ಹೇಳಬೇಕಾಗಿಯೇ ಇಲ್ಲದ ಮಾತು ಅನ್ನಿಸಬಹುದು. ಆದರೆ ಯೂರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದ ಕಾಲವೂ ಇತ್ತು. ಐದನೆಯದು, ಗ್ರಂಥಾಲಯ ಬೆಳೆಯುವ ಜೀವಿ. ಬೆಳೆಯುವುದೆಂದರೆ ಕಪಾಟುಗಳ ಸಂಖ್ಯೆ ಹೆಚ್ಚುವುದಷ್ಟೇ ಎಂದು ನಾವು ಓದಿಕೊಂಡಿಲ್ಲ. ಸಾರ್ವಜನಿಕ ಗ್ರಂಥಾಲಯಗಳ ಕುರಿತು ಯುನೆಸ್ಕೊ ಮೊದಲ ಪ್ರಣಾಳಿಕೆ ಹೊರಡಿಸಿದ್ದು 1949ರಲ್ಲಿ, ಈಚಿನ ಪರಿಷ್ಕರಣೆ 2022ರಲ್ಲಿ. ವಯಸ್ಸು, ಭಾಷೆ, ಧರ್ಮ, ಸಾಮಾಜಿಕ ಸ್ಥಾನ ಯಾವುದನ್ನೂ ಕೇಳದೆ ಎಲ್ಲರಿಗೂ ಸಮಾನವಾಗಿ ಸೇವೆ ದೊರೆಯಬೇಕು ಎಂಬುದು ಅದರ ತಿರುಳು. ಎಲ್ಲರೂ ಎಂದರೆ ಓದು ಬಾರದವರೂ ಸೇರಿದರು. ಅವರನ್ನು ಒಳಗೆ ಕರೆಯಲು ಪುಸ್ತಕದ ಕಪಾಟು ಸಾಲದು.

ಎಷ್ಟು ಕೊಡಬೇಕೆಂದು ನಾವು ಹೇಳುವುದಿಲ್ಲ. ಒಂದೇ ಸಲ ದೊಡ್ಡ ಮೊತ್ತ ಕೊಡುವವರಿಗಿಂತ ಪ್ರತಿತಿಂಗಳು ಸಣ್ಣ ಮೊತ್ತ ಕೊಡುವವರು ನಮಗೆ ಹೆಚ್ಚು ಬೇಕು ಎಂಬುದನ್ನು ಮಾತ್ರ ಸಂಕೋಚವಿಲ್ಲದೆ ಹೇಳುತ್ತೇವೆ. ಮುಂದಿನ ತಿಂಗಳೂ ಕಥೆ ನಡೆಯುತ್ತದೆಂದು ಮಕ್ಕಳಿಗೆ ಮಾತು ಕೊಡುವ ಧೈರ್ಯ ಅದರಿಂದ ಬರುತ್ತದೆ. ಹಣದ ಬದಲು ಸಮಯ ಕೊಡುವವರಿಗೂ ಸ್ವಾಗತವಿದೆ. ಆದರೆ ಒಮ್ಮೆ ಒಪ್ಪಿಕೊಂಡ ವಾರವನ್ನು ತಪ್ಪಿಸಬೇಡಿ. ಪುಸ್ತಕ ಕೊಡಲೇಬೇಕು ಎನ್ನುವವರು ಮೊದಲು ಪಟ್ಟಿ ಕಳುಹಿಸಿ. ಬೇಕಾದ್ದನ್ನು ಆರಿಸಿಕೊಂಡು ತಿಳಿಸುತ್ತೇವೆ, ಬೇಡವಾದ್ದನ್ನೂ ಮುಜುಗರವಿಲ್ಲದೆ ತಿಳಿಸುತ್ತೇವೆ.

ಕೊಟ್ಟ ಪ್ರತಿ ಮೊತ್ತಕ್ಕೂ ರಸೀದಿ ಇದೆ. ರಸೀದಿಯಿಲ್ಲದೆ ಯಾರ ಕೈಗೂ ಹಣ ಕೊಡಬೇಡಿ, ಟ್ರಸ್ಟಿನ ಸದಸ್ಯರೇ ಕೇಳಿದರೂ. ಆಯಾ ತಿಂಗಳ ಜಮಾ ಖರ್ಚನ್ನು ಪತ್ರಿಕಾ ವಿಭಾಗದ ಸೂಚನಾ ಫಲಕದಲ್ಲಿ ಹಚ್ಚಲಾಗುತ್ತದೆ. ದಾನಿಗಳ ಹೆಸರನ್ನು ಅಲ್ಲಿ ಬರೆಯುವುದಿಲ್ಲ, ಯಾವುದಕ್ಕೆ ಎಷ್ಟು ಹೋಯಿತೆಂದಷ್ಟೇ ಬರೆಯುತ್ತೇವೆ. ಪುಸ್ತಕ ಎರವಲು ಕೊಡುವ ಮೇಜಿನ ಬಲಗಡೆ ರಸೀದಿ ಪುಸ್ತಕವಿದೆ. ಕಥೆಯ ಗಂಟೆಯಲ್ಲಿ ಮಾತ್ರ ಅಲ್ಲಿ ಯಾರೂ ಇರುವುದಿಲ್ಲ. ಖಜಾಂಚಿಯವರು ಚಾಪೆ ಹಾಸಲು ಒಳಗೆ ಹೋಗಿರುತ್ತಾರೆ, ದಯವಿಟ್ಟು ಸ್ವಲ್ಪ ಕಾಯಿರಿ.